ಪಶ್ಚಿಮದ ಬಿಸಿಲು, ಬೋರ್ ನೀರು, ಬೀದಿ ಮೇಕೆ: ಇಷ್ಟಕ್ಕೂ ತಡೆಯುವ ಬಹುವಾರ್ಷಿಕ ಹೂಗಿಡ ಯಾವುದು?

ಹೊಸಮನೆ_ತುಮಕೂರು

ಎಲ್ಲರಿಗೂ ನಮಸ್ಕಾರ. ಗೇಟಿನ ಎಡಗಡೆ ಕಾಂಪೌಂಡ್ ಗೋಡೆಯುದ್ದಕ್ಕೂ 22 ಅಡಿ ಉದ್ದ, 4 ಅಡಿ ಅಗಲದ ಜಾಗ ಖಾಲಿ ಇದೆ. ಪಶ್ಚಿಮ ದಿಕ್ಕು, ಮಧ್ಯಾಹ್ನ 12ರಿಂದ ಸಂಜೆವರೆಗೂ ನೇರ ಬಿಸಿಲು. ಮಣ್ಣು ಕೆಂಪು. ಆದರೆ ಮನೆ ಕಟ್ಟುವಾಗ ಬಿದ್ದ ಸಿಮೆಂಟು, ಇಟ್ಟಿಗೆ ಚೂರು, ಜಲ್ಲಿ ಎಲ್ಲ ಅದರಲ್ಲೇ ಸೇರಿಕೊಂಡಿದೆ. ಬೋರ್‌ವೆಲ್ ನೀರು, ಬಕೆಟ್ಟಿಗೆ ಬಿಳಿ ಕರೆ ಕಟ್ಟುವಷ್ಟು ಗಡಸು. ಗೇಟು ತೆರೆದಿಟ್ಟರೆ ಬೀದಿಯ ಮೇಕೆಗಳು ಒಳಗೇ ಬರುತ್ತವೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ.

ವರ್ಷವರ್ಷ ಬೀಜ ಹಾಕಿ, ಸಸಿ ಮಾಡಿ ಬೆಳೆಸುವ ಗಿಡ ಬೇಡ. ಒಮ್ಮೆ ನೆಟ್ಟರೆ ಹತ್ತು ವರ್ಷ ಇರಬೇಕು. ದೇವರಿಗೆ ದಿನಾ ನಾಲ್ಕು ಹೂ ಸಿಕ್ಕರೆ ಸಾಕು. ವಾರಕ್ಕೆ ಒಂದು ಗಂಟೆಗಿಂತ ಹೆಚ್ಚು ಸಮಯ ಕೊಡಲಾಗುವುದಿಲ್ಲ. ಮೇ ತಿಂಗಳಲ್ಲಿ 15 ದಿನ ಮನೆಗೆ ಬೀಗ. ಏನು ನೆಡಬಹುದು, ಯಾವಾಗ, ಹೇಗೆ?

ಗುದ್ದಲಿ

ಗಿಡದ ಹೆಸರಿಗೆ ಮೊದಲು ಮಣ್ಣಿನ ವಿಷಯ. ಇಟ್ಟಿಗೆ ಚೂರು, ಜಲ್ಲಿ ಇದ್ದರೆ ತೊಂದರೆಯಿಲ್ಲ, ನೀರು ಇಳಿಯಲು ಒಳ್ಳೆಯದೇ. ಗಿಡವನ್ನು ಸೊರಗಿಸುವುದು ಸಿಮೆಂಟು ಮತ್ತು ಗಾರೆ. ಅವು ಮಣ್ಣನ್ನು ಕ್ಷಾರವಾಗಿಸುತ್ತವೆ, ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರು ಅದನ್ನು ಎಳೆದುಕೊಳ್ಳಲಾರದು. ಒಂದು ಪರೀಕ್ಷೆ ಮಾಡಿ. ನಾಲ್ಕೈದು ಕಡೆಯಿಂದ ಒಂದೊಂದು ಹಿಡಿ ಒಣ ಮಣ್ಣು ತೆಗೆದು ಮೇಲೆ ವಿನೆಗರ್ ಹನಿಸಿ. ಬುಸ್ ಎಂದು ನೊರೆ ಬಂದರೆ ಅಲ್ಲಿ ಸುಣ್ಣದ ಅಂಶ ಇದೆ ಅಂತ ಅರ್ಥ. ಅಂಥ ಕಡೆ ಒಂದೂವರೆ ಅಡಿ ಆಳದವರೆಗೆ ತೆಗೆದು ಹೊಸ ಕೆಮ್ಮಣ್ಣು ತುಂಬಿಸಿ. ನೊರೆ ಬರದ ಕಡೆ ಸಿಮೆಂಟು ಗಟ್ಟಿಗಳನ್ನು ಆರಿಸಿ ಹಾಕಿದರೆ ಸಾಕು. ಗೋಡೆಯ ಬುಡದ ಒಂದಡಿಯಲ್ಲೇ ಸಾಮಾನ್ಯವಾಗಿ ಹೆಚ್ಚು ಗಾರೆ ಬಿದ್ದಿರುತ್ತದೆ, ಅಲ್ಲಿ ತಪ್ಪದೆ ನೋಡಿ.

ಎರಡನೆಯದು ನೀರು ಬಸಿಯುವುದು. ಒಂದಡಿ ಗುಂಡಿ ತೆಗೆದು ನೀರು ತುಂಬಿಸಿ. ಇಂಗಿದ ಮೇಲೆ ಮತ್ತೆ ತುಂಬಿಸಿ ಅಳೆಯಿರಿ. ಈ ಎರಡನೇ ಸಲ ಗಂಟೆಗೆ ಒಂದು ಇಂಚಿಗಿಂತ ಕಡಿಮೆ ಇಳಿದರೆ ಕೆಳಗೆ ಮಣ್ಣು ಗಟ್ಟಿಯಾಗಿದೆ. ಲಾರಿ, ಮಿಕ್ಸರ್ ಓಡಾಡಿದ ಜಾಗದಲ್ಲಿ ಹೀಗಾಗುವುದು ಮಾಮೂಲು. ಹಾರೆಯಿಂದ ಎರಡಡಿವರೆಗೆ ಮೀಟಿ ಸಡಿಲಿಸದೆ ಏನು ನೆಟ್ಟರೂ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ.

ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ. ತೆಗೆದು 10-15 ದಿನ ಬಿಸಿಲಿಗೆ ಬಿಡಿ. ಮೇಲ್ಮಣ್ಣು ಒಂದು ಗುಡ್ಡೆ, ಕೆಳಮಣ್ಣು ಇನ್ನೊಂದು ಗುಡ್ಡೆ. ತುಂಬುವಾಗ ಮೇಲ್ಮಣ್ಣಿಗೆ ಎರಡು ಬಾಂಡ್ಲಿ ಹಳೇ ಕೊಟ್ಟಿಗೆ ಗೊಬ್ಬರ, 200 ಗ್ರಾಂ ಬೇವಿನ ಹಿಂಡಿ ಸೇರಿಸಿ. ಗೊಬ್ಬರ ಪುಡಿಪುಡಿಯಾಗಿ, ವಾಸನೆಯಿಲ್ಲದೆ ಇರಬೇಕು. ಹಸಿ ಸಗಣಿ ಹಾಕಿದರೆ ಗೊಣ್ಣೆ ಹುಳು ಬಂದು ಬೇರನ್ನೇ ತಿನ್ನುತ್ತದೆ. ಗಿಡ ಯಾಕೆ ಬಾಡಿತು ಅಂತ ನೀವು ಮೇಲೆ ಎಲೆ ನೋಡುತ್ತಾ ಕೂತಿರುತ್ತೀರಿ.

ಈಗ ಗಿಡಗಳು. ನಿಮ್ಮ ಜಾಗಕ್ಕೆ ನನ್ನ ಆಯ್ಕೆ ಇಷ್ಟು:

ಗೇಟಿನ ಹತ್ತಿರದ ಮೂಲೆಯಲ್ಲಿ ಒಂದು ಕಾಗದದ ಹೂ, ಅಂದರೆ ಬೋಗನ್‌ವಿಲ್ಲಾ. ಪಶ್ಚಿಮದ ಬಿಸಿಲು ಇದಕ್ಕೆ ಹಬ್ಬ. ಅದರಿಂದ ಐದಡಿ ಬಿಟ್ಟು ಐದು ಎಸಳಿನ ಕೆಂಪು ದಾಸವಾಳ. ಮತ್ತೆ ನಾಲ್ಕೂವರೆ ಅಡಿಗೆ ನಂದಿಬಟ್ಟಲು, ಅದರಾಚೆ ಇನ್ನೊಂದು ದಾಸವಾಳ, ಕೊನೆಯಲ್ಲಿ ಕಣಗಿಲೆ. ಎಲ್ಲವೂ ಗೋಡೆಯಿಂದ ಎರಡಡಿ ಈಚೆಗೆ. ಮುಂದಿನ ಸಾಲಿಗೆ ಸ್ಫಟಿಕ, ಎರಡಡಿಗೊಂದರಂತೆ. ಕೆಲವರು ಇದನ್ನೇ ಗೋರಂಟೆ ಅನ್ನುತ್ತಾರೆ. ನೇರಳೆ, ಬಿಳಿ ಎರಡೂ ಸಿಗುತ್ತವೆ. ಅಕ್ಟೋಬರ್‌ನಿಂದ ಚಳಿ ಮುಗಿಯುವವರೆಗೂ ಹೂ, ಉಳಿದಾಗ ಹಸಿರು ಪೊದೆ. ನಡುವೆ ಉಳಿದ ಜಾಗಕ್ಕೆ ಮಳೆ ಲಿಲಿ ಗೆಡ್ಡೆ, ಎರಡಿಂಚು ಆಳ, ನಾಲ್ಕಿಂಚು ಅಂತರ. ಬೇಸಿಗೆಯಲ್ಲಿ ಎಲೆ ಒಣಗಿದರೆ ಸತ್ತಿತೆಂದು ಕೀಳಬೇಡಿ. ಒಳ್ಳೆ ಮಳೆ ಬಿದ್ದ ಮೂರು-ಐದು ದಿನಕ್ಕೆ ತಾನೇ ಅರಳುತ್ತದೆ.

ದಾಸವಾಳದಲ್ಲಿ ತಟ್ಟೆಯಗಲದ ಬಣ್ಣಬಣ್ಣದ ಹೈಬ್ರಿಡ್ ನೋಡಿ ಮರುಳಾಗಬೇಡಿ. ಅವು ಆರೈಕೆ ಬೇಡುವ ಗಿಡಗಳು, ಹಿಟ್ಟು ತಿಗಣೆಗೆ (ಬಿಳಿ ಹಿಟ್ಟಿನಂತೆ ಅಂಟುವ ಮೀಲಿಬಗ್) ಮೊದಲ ತುತ್ತು. ಹಳೇ ಕೆಂಪು ದಾಸವಾಳವನ್ನು ನೆರೆಮನೆಯಿಂದ ಕಡ್ಡಿ ತಂದೇ ಮಾಡಬಹುದು. ಪೆನ್ಸಿಲ್ ದಪ್ಪದ, 6-8 ಇಂಚಿನ ಕಡ್ಡಿ. ಕೆಳಗಡೆ ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ತುದಿಯ ಎರಡು ಎಲೆ ಬಿಟ್ಟು ಉಳಿದವನ್ನು ತೆಗೆದು, ಅರ್ಧ ಮರಳು ಅರ್ಧ ಮಣ್ಣಿನಲ್ಲಿ ನೆರಳಿಗಿಡಿ. ನಾಲ್ಕರಿಂದ ಆರು ವಾರಕ್ಕೆ ಬೇರು.

ನರ್ಸರಿಯಿಂದ ತರುವುದಾದರೆ ಹೂ ತುಂಬಿದ ಎತ್ತರದ ಗಿಡ ಬಿಟ್ಟು ಒಂದಡಿಯ ಗಿಡ್ಡ, ಬುಡದಿಂದಲೇ ಕವಲೊಡೆದದ್ದನ್ನು ಆರಿಸಿ. ಎಲೆಯ ಅಡಿ ನೋಡಿ, ಕವರಿನ ತಳ ನೋಡಿ. ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಕವರ್ ಕತ್ತರಿಸಿ, ಸುತ್ತಿದ ಬೇರಿನ ಅರ್ಧ ಇಂಚು ತೆಗೆದು ನೆಡಬೇಕು. ಹಾಗೇ ನೆಟ್ಟರೆ ಎರಡು ವರ್ಷವಾದರೂ ಬೇರು ಆ ಉಂಡೆ ಬಿಟ್ಟು ಆಚೆ ಹೋಗುವುದಿಲ್ಲ. ಬೋಗನ್‌ವಿಲ್ಲಾ ಮಾತ್ರ ಇದಕ್ಕೆ ಅಪವಾದ. ಅದರ ಬೇರು ಅಲುಗಿದರೂ ಗಿಡ ಮುನಿಯುತ್ತದೆ. ಕವರನ್ನು ಬ್ಲೇಡಿನಿಂದ ಸೀಳಿ, ಉಂಡೆ ಒಡೆಯದಂತೆ ಇಳಿಸಿ.

ಕರಾವಳಿ_ಹಿತ್ತಿಲು

ಗುದ್ದಲಿಯವರ ಪಟ್ಟಿಯಲ್ಲಿ ಒಂದಕ್ಕೆ ನನ್ನ ಬಲವಾದ ವಿರೋಧ ಇದೆ: ಕಣಗಿಲೆ. ಎರಡು ವರ್ಷದ ಮಗು ಇದೆ ಎಂದು ಅವರು ಬರೆದಿದ್ದಾರಲ್ಲ. ಕಣಗಿಲೆಯ ಎಲೆ, ಹೂ, ಕಡ್ಡಿ, ಬೇರು ಎಲ್ಲವೂ ವಿಷ, ನೇರ ಹೃದಯದ ಬಡಿತವನ್ನೇ ಕೆಡಿಸುವಂಥದ್ದು. ಒಣಗಿದ ಎಲೆಯಲ್ಲೂ ವಿಷ ಹಾಗೇ ಉಳಿದಿರುತ್ತದೆ. ಸವರಿದ ಕಡ್ಡಿ ಸುಟ್ಟರೆ ಹೊಗೆಯೂ ಅಪಾಯ. ಆರೈಕೆ ಕಡಿಮೆ ಬೇಡುವ ಗಿಡ, ಹೆದ್ದಾರಿ ನಡುವೆ ನೆಡುವುದೂ ಅದಕ್ಕೇ, ಎಲ್ಲ ನಿಜ. ಆದರೆ ಈ ಮನೆಗೆ ಸದ್ಯ ಬೇಡ. ನಂದಿಬಟ್ಟಲಿನ ಹಾಲೂ ಬಾಯಿಗೆ, ಕಣ್ಣಿಗೆ ಆಗದು. ಅದನ್ನು ನೆಡುವುದಾದರೆ ಕೆಳಗಿನ ಕವಲು ಸವರಿ ಮಗುವಿನ ಕೈಗೆಟುಕದಂತೆ ಎತ್ತರಿಸಿ. ಹೂ ಕಿತ್ತ ಮೇಲೆ ಕೈ ತೊಳೆಯಿರಿ. ಎಲ್ಲೆಡೆ ಬೆಳೆಯುವ ಕಾಶಿ ಕಣಗಿಲೆ ಅಥವಾ ನಿತ್ಯಪುಷ್ಪ ಕೂಡ ತಿನ್ನುವ ಗಿಡವಲ್ಲ. ಹೆಸರು ಒಂದೇ ಥರ ಇದ್ದರೂ ಇವೆರಡೂ ಬೇರೆ ಬೇರೆ ಗಿಡಗಳು.

ಮೇಕೆಯ ಕಾಟಕ್ಕೆ ಬೇಲಿಗಿಡ ಬೇಕೆಂದರೆ ಆಡುಸೋಗೆ ಇದೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುವ ಗಾದೆ ಈ ಒಂದು ಗಿಡದ ಮುಂದೆ ಸೋಲುತ್ತದೆ. ಒಂದಡಿಯ ಕಡ್ಡಿಯನ್ನು ಮಳೆಗಾಲದಲ್ಲಿ ಚುಚ್ಚಿದರೆ ಬರುತ್ತದೆ, ಬಿಸಿಲು ತಡೆಯುತ್ತದೆ, ಬಿಳಿ ಹೂ ಬಿಡುತ್ತದೆ. ಎರಡಡಿಗೊಂದು ನೆಟ್ಟು ವರ್ಷಕ್ಕೆರಡು ಸಲ ಮೂರಡಿಗೆ ಸವರಿ. ಕೆಮ್ಮಿಗೆ ಕಷಾಯ ಮಾಡುವ ಗಿಡವೇ ಇದು, ಆದರೆ ಗರ್ಭಿಣಿಯರು ಕುಡಿಯಬಾರದು. ಕಣಗಿಲೆಗೆ ಇಟ್ಟಿದ್ದ ಕೊನೆಯ ಜಾಗವನ್ನು ಇದಕ್ಕೆ ಕೊಡಿ.

ದಾಸವಾಳವನ್ನು ಮೇಕೆ ಖಂಡಿತ ತಿನ್ನುತ್ತದೆ, ಅದೂ ಇಷ್ಟಪಟ್ಟು. ನಾಲ್ಕಡಿ ಎತ್ತರ ಬರುವವರೆಗೆ ಸುತ್ತ ತಂತಿ ಬಲೆ ಇಲ್ಲದೆ ಆಗದು.

ಬೇಡದ್ದೂ ಎರಡು ಹೇಳಿಬಿಡುತ್ತೇನೆ. ಲಂಟಾನ ಮತ್ತು ನೆಲಕ್ಕೆ ಹಬ್ಬುವ ಹಳದಿ ಹೂವಿನ ಸಿಂಗಾಪುರ ಡೈಸಿ. ಎರಡನ್ನೂ 'ನೋ ಮೇಂಟೆನೆನ್ಸ್' ಅಂತ ಮಾರುತ್ತಾರೆ. ಮೇಂಟೆನೆನ್ಸ್ ಇಲ್ಲದಿರುವುದೇ ಅವುಗಳ ರೋಗ. ಬಂಡೀಪುರದ ಕಾಡಿನಲ್ಲಿ ಲಂಟಾನ ಹಬ್ಬಿರುವುದನ್ನು ನೋಡಿದವರು ಅದನ್ನು ಮನೆಗೆ ತರಲಾರರು.

ಗುದ್ದಲಿ

ಮಗುವಿನ ವಿಷಯ ನಾನು ಗಮನಿಸಲಿಲ್ಲ, ತಪ್ಪು ನನ್ನದೇ. ಕಣಗಿಲೆ ಬಿಡಿ. ಆಡುಸೋಗೆ ಒಳ್ಳೆ ಸಲಹೆ.

ಹೊಸಮನೆ_ತುಮಕೂರು

ಇಬ್ಬರಿಗೂ ಧನ್ಯವಾದ. ವಿನೆಗರ್ ಹಾಕಿದೆ, ಗೋಡೆಯ ಬುಡದಲ್ಲಿ ಚೆನ್ನಾಗಿ ನೊರೆ ಬಂತು, ಬೇರೆ ಕಡೆ ಇಲ್ಲ. ಎರಡು ಪ್ರಶ್ನೆ. ಈಗಾಗಲೇ ಎರಡು ಕೇಪಳ, ಒಂದು ದುಂಡು ಮಲ್ಲಿಗೆ ತಂದಾಗಿದೆ, ಅವನ್ನು ಏನು ಮಾಡಲಿ? ಜೂನ್ ಮೊದಲ ವಾರವೇ ನೆಡಬಹುದಾ? ಮೇ ತಿಂಗಳಿಗೆ ಡ್ರಿಪ್ ಹಾಕಿಸಬೇಕಾ? (ಮೂರಾಯಿತು, ಕ್ಷಮಿಸಿ.)

ಎರೆಹುಳು

ಕೇಪಳವನ್ನು ಆ ನೆಲಕ್ಕೆ ಹಾಕಬೇಡಿ. ಕರಾವಳಿ, ಮಲೆನಾಡಿನ ಹುಳಿ ಮಣ್ಣಿನಲ್ಲಿ ಅದು ಗುಡ್ಡದಲ್ಲಿ ತಾನಾಗಿ ಬೆಳೆಯುವ ಗಿಡ, ಯಾರೂ ನೀರೂ ಹಾಕುವುದಿಲ್ಲ. ಅದೇ ಗಿಡ ಗಾರೆ ಬೆರೆತ ಮಣ್ಣು, ಗಡಸು ಬೋರ್ ನೀರಿಗೆ ಬಂದರೆ ವರ್ಷಪೂರ್ತಿ ಆಸ್ಪತ್ರೆ ರೋಗಿ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಹಳೇ ಎಲೆ ಮೊದಲು ಹಳದಿಯಾದರೆ ಬೇರೆ ಕಾರಣ, ಸಾಮಾನ್ಯವಾಗಿ ಸಾರಜನಕ ಸಾಲದು ಅಥವಾ ಬೇರಿಗೆ ನೀರು ಹೆಚ್ಚಾಗಿದೆ. ಎರಡೂ ಕೇಪಳವನ್ನು 14 ಇಂಚಿನ ಕುಂಡಕ್ಕೆ ಹಾಕಿ, ಆದಷ್ಟು ಹಿಡಿದಿಟ್ಟ ಮಳೆ ನೀರು ಕೊಡಿ. ಹಳದಿಯಾದರೆ ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಅಂದೇ ಸಂಜೆ ಎಲೆಗೆ ಸಿಂಪಡಿಸಿ. 15 ದಿನಕ್ಕೆ ಇನ್ನೊಮ್ಮೆ. ಕ್ಷಾರ ಮಣ್ಣಿಗೆ ಬರಿದೇ ಸುರಿದರೆ ಅದು ಅಲ್ಲೇ ಕಟ್ಟಿಕೊಂಡುಬಿಡುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಬಿಳಿ ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗದು, ನೋಡಿಕೊಳ್ಳಿ.

ದುಂಡು ಮಲ್ಲಿಗೆ ನಿಮ್ಮ ಬಿಸಿಲಿಗೆ ಸರಿ, 'ನೆಟ್ಟು ಮರೆತುಬಿಡುವ' ಗಿಡ ಮಾತ್ರ ಅಲ್ಲ. ಸವರದ ಮಲ್ಲಿಗೆ ಬಳ್ಳಿಯಂತೆ ಹರಡುತ್ತದೆ, ಹೂ ಕಡಿಮೆಯಾಗುತ್ತದೆ. ನವೆಂಬರ್ ಕೊನೆಗೆ ಹತ್ತು ದಿನ ನೀರು ನಿಲ್ಲಿಸಿ, ನೆಲದಿಂದ ಒಂದೂವರೆ ಅಡಿಗೆ ಎಲ್ಲ ಕವಲನ್ನೂ ಸವರಿ, ಒಣ ಕಡ್ಡಿ ತೆಗೆದು, ಬುಡಕ್ಕೆ 5-10 ಕಿಲೋ ಕೊಟ್ಟಿಗೆ ಗೊಬ್ಬರ ಕೊಟ್ಟು ನೀರು ಶುರು ಮಾಡಿ. ಮಾರ್ಚ್‌ನಿಂದ ಜೂನ್‌ವರೆಗೆ ಮೊಗ್ಗು. ಆಗ ವಾರಕ್ಕೆರಡು ಸಲ ನೀರು ತಪ್ಪಿಸುವಂತಿಲ್ಲ. ನಿಮ್ಮ ಊರಿನ ಪ್ರವಾಸವೂ ಅದರ ಹೂವಿನ ಕಾಲವೂ ಒಂದೇ ತಿಂಗಳಿಗೆ ಬರುತ್ತವೆ. ಇಷ್ಟು ಪಾಡು ಬೇಡವೆಂದರೆ ಕಾಕಡ ನೆಡಿ. ಪರಿಮಳ ಮಲ್ಲಿಗೆಯಷ್ಟಿಲ್ಲ, ಹಟ ಮಾತ್ರ ಜಾಸ್ತಿ.

ಯಾವಾಗ ನೆಡುವುದು: ಮೃಗಶಿರಾ ಮಳೆಗೆ ನೆಡಿ ಅಂತ ಎಲ್ಲರೂ ಹೇಳುತ್ತಾರೆ. ಮಲೆನಾಡಿಗೆ ಅದು ಸರಿ. ತುಮಕೂರಿನ ಕಡೆ ಹೆಚ್ಚು ಮಳೆ ಬೀಳುವುದು ಆಗಸ್ಟ್‌ನಿಂದ ಅಕ್ಟೋಬರ್‌ಗೆ. ಜೂನ್-ಜುಲೈ ಗಾಳಿ ಜೋರು, ಮಳೆ ಕಡಿಮೆ, ಎಳೆ ಗಿಡ ಒಣಗುತ್ತದೆ. ಜೂನ್‌ನಲ್ಲಿ ಗುಂಡಿ ತೆಗೆದು, ಜುಲೈ ಕೊನೆ ಅಥವಾ ಆಗಸ್ಟ್ ಮೊದಲ ವಾರ ಸಂಜೆ ಹೊತ್ತು ನೆಡಿ. ಮೂರು ತಿಂಗಳ ಮಳೆ, ಆಮೇಲೆ ತಂಪು ಕಾಲ, ಬೇಸಿಗೆಗೆ ಮೊದಲು ಬೇರು ಇಳಿಯಲು ಆರು ತಿಂಗಳು ಸಿಗುತ್ತದೆ.

ನೀರಿನ ಲೆಕ್ಕ, ಮಳೆ ಇಲ್ಲದ ದಿನಗಳಿಗೆ: ಮೊದಲ ಎರಡು ವಾರ ದಿನ ಬಿಟ್ಟು ದಿನ 3 ಲೀಟರ್. ಮೂರನೇ ತಿಂಗಳವರೆಗೆ ವಾರಕ್ಕೆರಡು ಸಲ 5-6 ಲೀಟರ್. ಆಮೇಲೆ ವಾರಕ್ಕೊಮ್ಮೆ 10-12 ಲೀಟರ್. ಎರಡನೇ ವರ್ಷದಿಂದ ದಾಸವಾಳಕ್ಕೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ, ನಂದಿಬಟ್ಟಲು, ಆಡುಸೋಗೆ, ಸ್ಫಟಿಕಕ್ಕೆ 10-15 ದಿನಕ್ಕೊಮ್ಮೆ. ದಿನಾ ಒಂದು ಚೊಂಬು ಹಾಕುವ ಅಭ್ಯಾಸ ಬೇಡ. ಮೇಲಿನ ಎರಡಿಂಚೇ ನೆನೆದು ಬೇರೂ ಅಲ್ಲೇ ಉಳಿದು, ನೀವು ಊರಿಗೆ ಹೋದ ನಾಲ್ಕನೇ ದಿನ ಗಿಡ ಬಾಡುತ್ತದೆ. ಬುಡದ ಸುತ್ತ ಮೂರು ಇಂಚು ಒಣ ಎಲೆ ಅಥವಾ ತೆಂಗಿನ ಸಿಪ್ಪೆ ಹಾಸಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು. ತಾಗಿದರೆ ಗೆದ್ದಲು ಹತ್ತುತ್ತದೆ. ಆರ್‌ಓ ಯಂತ್ರದ ತ್ಯಾಜ್ಯ ನೀರನ್ನು ಗಿಡಕ್ಕೆ ಬಿಡಬೇಡಿ, ನಿಮ್ಮ ಬೋರ್ ನೀರಿನ ಉಪ್ಪೆಲ್ಲ ಅದರಲ್ಲಿ ಇನ್ನೂ ಗಟ್ಟಿಯಾಗಿ ಬರುತ್ತದೆ. ಅಕ್ಕಿ, ಬೇಳೆ ತೊಳೆದ ನೀರು ಧಾರಾಳವಾಗಿ ಹಾಕಿ.

ಡ್ರಿಪ್ ಮೊದಲ ಬೇಸಿಗೆಗೆ ಬೇಕೇ ಬೇಕು, ಎರಡನೆಯದಕ್ಕೆ ದಾಸವಾಳ, ಮಲ್ಲಿಗೆಗೆ ಮಾತ್ರ. ಇಲ್ಲಿ ಎಲ್ಲರೂ ಎಡವುವ ಕಡೆ ಒಂದಿದೆ. ಗಂಟೆಗೆ 4 ಲೀಟರ್ ಅಂತ ಬರೆದ ಡ್ರಿಪ್ಪರ್ ಆ ಲೆಕ್ಕ ಕೊಡುವುದು ಪಂಪಿನ ಒತ್ತಡಕ್ಕೆ. ಹತ್ತಡಿ ಎತ್ತರದ ಟ್ಯಾಂಕಿನಿಂದ ಬಿಟ್ಟರೆ ಸುಮಾರು ಅರ್ಧವಷ್ಟೇ ಬರುತ್ತದೆ. ಒಂದು ಬಾಟಲಿ ಇಟ್ಟು ಗಂಟೆಗೆ ಎಷ್ಟು ತುಂಬಿತೆಂದು ಅಳೆದು ಟೈಮರ್ ಹೊಂದಿಸಿ. ಗಿಡಕ್ಕೆರಡು ಡ್ರಿಪ್ಪರ್ ಇದ್ದರೆ 12 ಲೀಟರಿಗೆ ಮೂರು ಗಂಟೆ ಬೇಕಾಗಬಹುದು. ಟೈಮರ್ ಕೊಳ್ಳುವಾಗ ಬಾಲ್ ವಾಲ್ವ್ ಇರುವುದನ್ನೇ ಕೇಳಿ. ಸೊಲೆನಾಯ್ಡ್ (ವಿದ್ಯುತ್ ಅಯಸ್ಕಾಂತದಿಂದ ತೆರೆಯುವ) ಮಾದರಿಯ ಹಲವು ಟೈಮರ್‌ಗಳು ಟ್ಯಾಂಕಿನ ಕಡಿಮೆ ಒತ್ತಡಕ್ಕೆ ತೆರೆಯುವುದೇ ಇಲ್ಲ. ನಿಮ್ಮ ನೀರಿಗೆ ಡ್ರಿಪ್ಪರ್ ಕರೆ ಕಟ್ಟುವುದು ಖಚಿತ. ತಿಂಗಳಿಗೊಮ್ಮೆ ಪೈಪಿನ ಕೊನೆಯ ಬಿರಡೆ ತೆಗೆದು ನೀರು ಹಾಯಿಸಿ, ಕಟ್ಟಿದ ಡ್ರಿಪ್ಪರನ್ನು ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ. ಊರಿಗೆ ಹೊರಡುವ ಹಿಂದಿನ ದಿನ ಹಾಕಿಸಿ ಹೊರಡಬೇಡಿ. ಹದಿನೈದು ದಿನ ಮುಂಚೆ ಓಡಿಸಿ ನೋಡಿ.

ಎರಿಹೊಲ_ಧಾರವಾಡ

ಹುಬ್ಬಳ್ಳಿ, ಗದಗ ಕಡೆಯವರು ಇದನ್ನ ಓದಿ ಹಂಗs ಮಾಡಬ್ಯಾಡ್ರಿ. ಎರಿ ಮಣ್ಣಾಗ ಈ ಲೆಕ್ಕ ನಡೆಯಂಗಿಲ್ಲ. ಗುಂಡಿ ತೆಗೆದು ಗೊಬ್ಬರ ತುಂಬಿದ್ರ ಅದು ಮಳಿಗಾಲದಾಗ ಬಾವಿ ಆಗಿ ಬೇರು ಕೊಳೀತದ. ನೆಲದ ಮ್ಯಾಲೆ ಒಂಬತ್ತು ಇಂಚು ಏರಿ ಮಾಡಿ ಅದರ ಮ್ಯಾಲೆ ನೆಡ್ರಿ. ಎರಡು ಬುಟ್ಟಿ ಉಸುಕು ಬೆರೆಸಿದ್ರ ಏನೂ ಉಪಯೋಗ ಆಗಂಗಿಲ್ಲ, ಗೊಬ್ಬರ ಹಾಕ್ರಿ.

ಅಬ್ಬಲಿಗೆ, ಅಂದ್ರ ನೀವು ಕನಕಾಂಬರ ಅಂತೀರಲ್ಲ, ಅದರ ಬಗ್ಗೆ ಯಾರೂ ಬರೀಲಿಲ್ಲ. ಬಹುವಾರ್ಷಿಕನೇ ಅದು, ಆದ್ರ ಪೂರ್ತಿ ಪಶ್ಚಿಮದ ಬಿಸಿಲಿಗೆ ಎಲಿ ಸುಡತಾವ. ದಾಸವಾಳದ ಪೂರ್ವಕ್ಕ, ಅದರ ನೆರಳಿಗೆ ಹಾಕ್ರಿ. ದೆಹಲಿ ಕನಕಾಂಬರಕ್ಕ ಬೀಜ ಆಗಂಗಿಲ್ಲ, ಕಡ್ಡೀಲೇ ಮಾಡಬೇಕು. ಒಮ್ಮೆ ಬೇರಿಗೆ ಜಂತುಹುಳ ಹತ್ತಿ ಗಿಡ ಸೊರಗಿ ಸತ್ತ್ರ ಆ ಜಾಗದಾಗ ಮತ್ತ ಅದನ್ನ ಹಾಕಬ್ಯಾಡ್ರಿ. ಕಿತ್ತು ನೋಡ್ರಿ, ಬೇರಿನಾಗ ಗಂಟು ಕಾಣತಾವ. ಅಲ್ಲೆ ಎರಡು ಹಂಗಾಮು ಚೆಂಡು ಹೂ ಬೆಳೀರಿ.

ಹೊಸಮನೆ_ತುಮಕೂರು

ಸವರುವ ಕಾಲ ಮಲ್ಲಿಗೆಗೆ ಗೊತ್ತಾಯಿತು, ಉಳಿದವಕ್ಕೆ? ಹಿಟ್ಟು ತಿಗಣೆಗೆ ಏನು ಹಾಕಬೇಕು? ಬೋಗನ್‌ವಿಲ್ಲಾ ಗೋಡೆ ಒಡೆಯುತ್ತದಾ?

ಗುದ್ದಲಿ

ಸವರುವುದು: ಸ್ಫಟಿಕವನ್ನು ಹೂ ಮುಗಿದ ಫೆಬ್ರವರಿಯಲ್ಲಿ ಒಂದಡಿಗೆ. ದಾಸವಾಳವನ್ನೂ ಆಗಲೇ, ಮೂರರಲ್ಲೊಂದು ಭಾಗ ಮಾತ್ರ. ಹೂ ಬರುವುದು ಹೊಸ ಚಿಗುರಿನ ಮೇಲೆ, ಹೀಗಾಗಿ ವರ್ಷವಿಡೀ ಕತ್ತರಿ ಆಡಿಸುತ್ತಿದ್ದರೆ ಮೊಗ್ಗನ್ನೇ ಕತ್ತರಿಸಿದಂತೆ. ನಂದಿಬಟ್ಟಲಿಗೆ ಒಣ ಕಡ್ಡಿ ತೆಗೆದರೆ ಸಾಕು. ಬೋಗನ್‌ವಿಲ್ಲಾವನ್ನು ಮಳೆ ಮುಗಿದ ಮೇಲೆ ಹೆಚ್ಚಾಗಿಯೇ ಕತ್ತರಿಸಿ ಸವರಿ, ಆಮೇಲೆ ನೀರು ಕಡಿಮೆ ಮಾಡಿ. ಎಲೆ ತುಂಬಿ ಹೂ ಇಲ್ಲದ ಬೋಗನ್‌ವಿಲ್ಲಾ ಅಂದರೆ ನೂರಕ್ಕೆ ತೊಂಬತ್ತು ಪಾಲು ನೀರು ಅಥವಾ ಗೊಬ್ಬರ ಹೆಚ್ಚಾಗಿದೆ. ಅದಕ್ಕೆ ಡ್ರಿಪ್ ಎಳೆಯಲೇಬೇಡಿ.

ಹಿಟ್ಟು ತಿಗಣೆ: ಮೊದಲು ಇರುವೆ ಸಾಲು ನೋಡಿ. ಅದರ ಸಿಹಿ ಅಂಟಿಗಾಗಿ ಇರುವೆಗಳೇ ತಿಗಣೆಯನ್ನು ಕಾಯುತ್ತವೆ, ಕೊಂಬೆಯಿಂದ ಕೊಂಬೆಗೆ ಸಾಗಿಸುತ್ತವೆ. ಗೂಡಿಗೆ ಕುದಿನೀರು ಸುರಿಯಿರಿ, ಗಿಡದ ಬುಡದಿಂದ ದೂರ ಇದ್ದರೆ ಮಾತ್ರ. ಹೆಚ್ಚು ಹತ್ತಿದ ಚಿಗುರನ್ನು ಕತ್ತರಿಸಿ ಕವರಿನಲ್ಲಿ ಕಟ್ಟಿ ಬಿಸಾಡಿ, ಕಾಂಪೋಸ್ಟಿಗೆ ಬೇಡ. ಉಳಿದದ್ದಕ್ಕೆ ಪೈಪಿನ ನೀರನ್ನು ಜೋರಾಗಿ ಬಿಟ್ಟು ಉದುರಿಸಿ. ಮಾರನೇ ಸಂಜೆ ಬೇವಿನೆಣ್ಣೆ. ಅರ್ಧ ಲೋಟ ನೀರಿಗೆ ಕಾಲು ಚಮಚ ಪಾತ್ರೆ ತೊಳೆಯುವ ದ್ರಾವಣ, ಅದಕ್ಕೆ 5 ಮಿಲಿ ಎಣ್ಣೆ ಹಾಕಿ ಹಾಲಿನಂತಾಗುವವರೆಗೆ ಕಲಕಿ, ಆಮೇಲೆ ಒಂದು ಲೀಟರಿಗೆ ತುಂಬಿಸಿ. ಎಣ್ಣೆಯನ್ನು ನೇರ ನೀರಿಗೆ ಹಾಕಿದರೆ ಅದು ಮೇಲೆ ತೇಲಿ, ಕೊನೆಯಲ್ಲಿ ಬರೀ ಎಣ್ಣೆಯೇ ಸಿಂಪಡಣೆಯಾಗಿ ಎಲೆ ಸುಡುತ್ತದೆ. ಏಳು ದಿನಕ್ಕೊಮ್ಮೆ ಮೂರು ಸಲ, ಎಲೆಯ ಅಡಿಗೆ. ಒಂದೇ ಸಲ ಹೊಡೆದು ನಿಲ್ಲಿಸಿದರೆ ಮೊಟ್ಟೆ ಒಡೆದು ಮತ್ತೆ ಅಷ್ಟೇ ಆಗುತ್ತದೆ.

ಮೊಗ್ಗು ಅರಳದೆ ಉದುರುತ್ತಿದ್ದರೆ ತಿಗಣೆಗೆ ಮೊದಲು ನೀರನ್ನು ಅನುಮಾನಿಸಿ. ಒಂದು ವಾರ ಪೂರ್ತಿ ಒಣಗಿಸಿ ಆಮೇಲೆ ಎರಡು ಬಕೆಟ್ ಸುರಿದರೆ ದಾಸವಾಳ ಮೊಗ್ಗು ಉದುರಿಸುತ್ತದೆ.

ಬೋಗನ್‌ವಿಲ್ಲಾ ಬೇರು ಗೋಡೆ ಒಡೆಯುವಂಥದ್ದಲ್ಲ. ಆದರೆ ಅದು ತಾನಾಗಿ ಗೋಡೆ ಹಿಡಿದು ಹತ್ತುವ ಬಳ್ಳಿಯೂ ಅಲ್ಲ, ಭಾರವೆಲ್ಲ ಒರಗಿ ನಿಲ್ಲುತ್ತದೆ. ಕಾಂಪೌಂಡಿಗೆ ಒಂದೂವರೆ ಅಡಿಗೊಂದರಂತೆ ಮೂರು ಅಡ್ಡಸಾಲು ಜಿ.ಐ. ತಂತಿ ಎಳೆಯಿರಿ, ಗೋಡೆಯಿಂದ ಮೂರು ಬೆರಳು ಈಚೆಗೆ ಇರಲಿ. ಹೊಸ ಕೊಂಬೆ ಎಳೆಯದಾಗಿರುವಾಗಲೇ ಸೆಣಬಿನ ದಾರದಿಂದ ಸಡಿಲವಾಗಿ ಕಟ್ಟಿ. ತಂತಿಯಿಂದಲೇ ಕಟ್ಟಿದರೆ ಕೊಂಬೆ ದಪ್ಪವಾದಂತೆ ಅದು ಒಳಗೆ ಕೊರೆಯುತ್ತದೆ. ಗೇಟಿನ ಕಡೆ ಬಾಗಿದ ಮುಳ್ಳಿನ ಕೊಂಬೆಯನ್ನು ಮಾತ್ರ ಯಾವ ಕಾಲದಲ್ಲಾದರೂ ಸರಿ, ಕಂಡ ತಕ್ಷಣ ಕತ್ತರಿಸಿ. ಮಗುವಿನ ಕಣ್ಣಿನ ಎತ್ತರಕ್ಕೇ ಅದು ಬರುವುದು.